ಹಳೇ ಪಂಚಾಂಗದ ಕೊನೆಯ ಪುಟ

ಆ ಪಂಚಾಂಗ ಎಲ್ಲಿ ಹೋಯಿತು ಅನ್ನುವುದೊಂದೇ ಚಿಂತೆ ರಂಜನಿಗೆ. ಹಾಲು ಕಾಯಿಸುವಾಗಲೂ ಅದೇ, ಮಗಳ ತಲೆ ಬಾಚುವಾಗಲೂ ಅದೇ. ಚಟ್ನಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಎರಡು ಸಲ ಹಾಕಿ, "ಇವತ್ತೇನಮ್ಮ, ಸಮುದ್ರ ಅರೆದೆಯಾ?" ಎಂದು ಅತ್ತೆಯ ಬಾಯಲ್ಲಿ ಅನ್ನಿಸಿಕೊಂಡದ್ದೂ ಆ ಚಿಂತೆಯಿಂದಲೇ. ದೇವರ ಮನೆಯ ಗೂಡಿನಲ್ಲಿ, ಗಂಧದ ಕೊರಡಿನ ಪಕ್ಕ, ವರ್ಷ ಪೂರ್ತಿ ಕದಲದೆ ಕೂತಿದ್ದ ಹಳದಿ ರಟ್ಟಿನ ಪಂಚಾಂಗ. ಈಗ ಆ ಜಾಗದಲ್ಲಿ ಹೊಸ ವರ್ಷದ್ದು ಕೂತಿದೆ. ಅದರ ಕೊನೆಯ ಪುಟ ಖಾಲಿ. ಹಳೆಯದರ ಕೊನೆಯ ಪುಟದಲ್ಲಿ ರಂಜನಿ ತನ್ನ ಕೈಯಾರೆ ನಲವತ್ತೆಂಟು ಅಂಕಿ ಬರೆದಿದ್ದಳು.

ಆ ಅಂಕಿಗಳಿಲ್ಲದೆ ಅವಳ ಹಾರ್ಡ್ ಡಿಸ್ಕ್ ತೆರೆಯುವುದಿಲ್ಲ. ಅದು ತೆರೆಯದಿದ್ದರೆ ಶುಕ್ರವಾರ ಮಂಡ್ಯದ ಡಾಕ್ಟರ ಮುಂದೆ ಇಡಲು ಅವಳ ಬಳಿ ಒಂದು ಚೂರು ಕಾಗದವೂ ಇಲ್ಲ. ಇವತ್ತು ಬುಧವಾರ.

ರಂಜನಿ ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಓದಿ, ಮದ್ದೂರಿಗೆ ಸೊಸೆಯಾಗಿ ಬಂದವಳು. ಚಿಕ್ಕಂದಿನಿಂದಲೂ ಅವಳದು ಬೀಗ ಎಳೆದು ನೋಡುವ ಸ್ವಭಾವ. ಮನೆಗೆ ಬೀಗ ಹಾಕಿ ಮೂರು ಸಲ ಎಳೆಯುತ್ತಿದ್ದಳು. ಬೀದಿ ಕೊನೆಯವರೆಗೆ ಹೋಗಿ, ಹಿಂದಿರುಗಿ ಬಂದು ನಾಲ್ಕನೇ ಸಲ ಎಳೆಯುತ್ತಿದ್ದಳು. ಕೀಲಿಯನ್ನು ಮಾತ್ರ ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ ಬಚ್ಚಿಟ್ಟು, ಆ ಜಾಗವನ್ನೇ ಮರೆಯುತ್ತಿದ್ದಳು. ಕಾಲೇಜಿನಲ್ಲಿ ಅವಳ ಸ್ಕೂಟಿಯ ಎರಡನೇ ಕೀಲಿ ಯಾವಾಗಲೂ ಗೆಳತಿ ದೀಪಿಕಳ ಚೀಲದಲ್ಲೇ ಇರುತ್ತಿತ್ತು. ದೀಪಿಕ ಕಿರುಗಾವಲಿನ ಕಡೆಯ ಬೇಸಾಯಗಾರರ ಮನೆ ಹುಡುಗಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮೈಸೂರಿಗೆ ಬಂದು ಓದಿದವಳು. "ನೀನು ಬಚ್ಚಿಡು, ನಾನು ಇಟ್ಕತೀನಿ. ಇಬ್ರಲ್ಲಿ ಒಬ್ಳಾದ್ರೂ ಮನೆ ಸೇರ್ಬೇಕಲ್ಲ," ಎಂದು ನಗುತ್ತಿದ್ದಳು.

ಮೂರು ವರ್ಷದ ಹಿಂದೆ ಮೇಧಾ ಹುಟ್ಟಿದಾಗ ರಂಜನಿ ಬಾಣಂತನಕ್ಕೆ ಮೈಸೂರಿನ ತವರಿನಲ್ಲಿದ್ದಳು. ಹನ್ನೊಂದನೇ ದಿನ ತೊಟ್ಟಿಲು ಶಾಸ್ತ್ರ ಚೆನ್ನಾಗಿಯೇ ಆಯಿತು. ಆಮೇಲೆ ಅವಳೊಳಗೆ ಏನೋ ಆರಿಹೋಯಿತು. ಮಗು ಅತ್ತರೆ ಎದ್ದು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಕೂರುವಳು. ಎರೆದು ಮಲಗಿಸಿದ ಕೂಸು ಯಾರದೋ ಮನೆಯಿಂದ ತಂದಿಟ್ಟದ್ದು ಎಂಬಂತೆ ನೋಡುವಳು. ಅಮ್ಮ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಒಂದು ಶನಿವಾರ ನೋಡಲು ಬಂದ ದೀಪಿಕ ರಂಜನಿಯ ಕೈಗೆ ಚಪ್ಪಲಿ ಕೊಟ್ಟು, "ಏಳಮ್ಮಿ, ಡಾಕ್ಟ್ರು ತಾವ ಓಗಮ," ಎಂದು ಅವಳದೇ ಸ್ಕೂಟಿಯಲ್ಲಿ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದಳು.

ಮೊದಲು ಕೊಟ್ಟ ಮಾತ್ರೆ ಒಗ್ಗಲಿಲ್ಲ. ಮೈಯೆಲ್ಲ ನಡುಗಿ, ನಿದ್ದೆ ಕೆಟ್ಟು, ಮೂರು ದಿನ ಇನ್ನೊಂದು ಅವಸ್ಥೆಯೇ ಆಯಿತು. ಎರಡನೆಯದು ಒಗ್ಗಿತು. ಎಂಟು ತಿಂಗಳಲ್ಲಿ ರಂಜನಿ ರಂಜನಿಯಾದಳು. ದಿನಾ ಅನ್ನಿಸಿದ್ದನ್ನು ಎರಡು ಸಾಲು ಬರೆದಿಡಿ ಎಂದು ಡಾಕ್ಟರು ಹೇಳಿದ್ದರಿಂದ ಅದನ್ನೂ ಬರೆದಳು. 'ಇವತ್ತು ಮಗು ಅತ್ತಾಗ ನನಗೇನೂ ಅನ್ನಿಸಲಿಲ್ಲ.' 'ಇವತ್ತು ಅದರ ಕಾಲು ಮುಟ್ಟಿ ನೋಡಿದೆ.' ಹೀಗೆ.

"ಇದು ಮದ್ದೂರಿನ ಕಿವಿಗೆ ಬೀಳಬಾರದು. ತಲೆ ಕೆಟ್ಟವಳನ್ನು ತಂದೆವು ಅಂತಾರೆ," ಎಂದರು ಅಮ್ಮ. ಬಾಣಂತನ ತವರಿನಲ್ಲಾದದ್ದು ಅನುಕೂಲವೇ ಆಯಿತು. ಮಾತ್ರೆ ಮುಗಿಯುವವರೆಗೆ 'ಮಗುವಿಗೆ ಶೀತ', 'ನನಗೆ ಸೊಂಟ ನೋವು' ಎಂದು ಇದ್ದು, ಹೊರಡುವ ಹಿಂದಿನ ದಿನ ರಂಜನಿ ಎಲ್ಲ ಚೀಟಿಗಳನ್ನೂ, ಆ ಎರಡೆರಡು ಸಾಲುಗಳನ್ನೂ ಫೋನಿನಲ್ಲಿ ಫೋಟೋ ತೆಗೆದು ಹಾರ್ಡ್ ಡಿಸ್ಕಿಗೆ ಸೇರಿಸಿದಳು, ಫೋನಿನದನ್ನು ಅಳಿಸಿದಳು, ಕಾಗದಗಳನ್ನು ಹಿತ್ತಿಲಲ್ಲಿ ಸುಟ್ಟಳು. ಡಿಸ್ಕಿನಲ್ಲಿ ಮೇಧಾಳ ಮೊದಲ ವರ್ಷದ ಫೋಟೋಗಳೂ ಇದ್ದವು. ಹಾಗಾಗಿ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಒಂದೂವರೆ ವರ್ಷ ಬರಲೂ ಇಲ್ಲ. ಹೋದ ಕಾರ್ತಿಕದಲ್ಲಿ ಮನೆಗೆ ನೆಂಟರು ಬಂದಾಗ ಭಾವನ ಮಗ ಅಭಿನವ್‌ನ ಉಪನಯನದ ವೀಡಿಯೋ ತೋರಿಸೋಣವೆಂದು ಅವಳ ಗಂಡ ಸುದರ್ಶನ್ ಆ ಡಿಸ್ಕನ್ನು ಟೀವಿಗೆ ಚುಚ್ಚಿದ. ರಿಮೋಟು ಅತ್ತೆ ಚೂಡಾಮಣಿಯವರ ಕೈಲಿತ್ತು. ಹನ್ನೆರಡು ಜನರ ಮುಂದೆ ಗೋಡೆಯಗಲದ ಟೀವಿಯಲ್ಲಿ ಫೋಲ್ಡರುಗಳ ಹೆಸರು ಸಾಲಾಗಿ ಬಂದವು. ಮೇಧಾ, ಉಪನಯನ, ಮೈಸೂರು, ಡಾಕ್ಟರ್.

"ಇದೇನೇ ರಂಜನಿ, ಡಾಕ್ಟರ್ ಅಂತ? ಯಾರಿಗೆ ಏನಾಗಿತ್ತು?"

"ಮೇಧಾಳ ಲಸಿಕೆ ಚೀಟಿ ಅತ್ತೆ."

"ಮಗು ಲಸಿಕೆಗೆ ಅಳೋದನ್ನೂ ವೀಡಿಯೋ ಮಾಡಿದ್ದೀಯೇನೋ ಅಂದ್ಕೊಂಡೆ. ನಿಮ್ಮ ಕಾಲದಲ್ಲಿ ಅದೂ ಉಂಟು," ಎಂದು ನಗುತ್ತ ಅವರು ಮುಂದಿನ ಗುಂಡಿ ಒತ್ತಿದರು.

ಮರುದಿನವೇ ರಂಜನಿ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಮಳವಳ್ಳಿ ಬಸ್ಸು ಹತ್ತಿದಳು. ದೀಪಿಕ ಈಗ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಪಹಣಿ ತೆಗೆಸುವವರು, ಅರ್ಜಿ ಹಾಕಿಸುವವರು, ಜೆರಾಕ್ಸಿನವರು ಎಂದು ಸದಾ ಜನ. ಮಧ್ಯಾಹ್ನ ಜನ ಕರಗಿದ ಮೇಲೆ ದೀಪಿಕ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಇಡೀ ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಬೀಳುವ ಹಾಗೆ ಮಾಡಿದಳು.

"ಇದು ಬಾಗ್ಲಿಗೆ ಬೀಗ ಆಕ್ದಂಗಲ್ಲ ಕಣಮ್ಮಿ," ಎಂದಳು. "ಬಾಗ್ಲು ಒಡುದ್ರೂ ಒಳಗಿರೋದೆಲ್ಲ ಕಲಸಿ ಪುಡಿ ಮಾಡಿಟ್ಟಂಗಿರ್ತದೆ. ನಿನ್ ಪಾಸ್‌ವರ್ಡ್ ಆಕುದ್ರೇ ಮತ್ತೆ ಜೋಡಿಸ್ಕಳೋದು. ಅದು ಮರ್ತೋದ್ರೆ ಇಗಾ, ಈ ನಲವತ್ತೆಂಟು ನಂಬ್ರು. ಪಾಸ್‌ವರ್ಡ್ ಎಷ್ಟ್ ಸಲ ಬದಲಾಯ್ಸುದ್ರೂ ಇದು ಬದಲಾಗಕಿಲ್ಲ. ಎರಡೂ ಕಳ್ಕಂಡ್ಯೋ, ಆ ಬ್ರಹ್ಮ ಬಂದ್ರೂ ತೆಗೆಯಾಕಿಲ್ಲ." ಅಂಕಿಗಳ ಕಾಗದ ಎರಡು ಪ್ರತಿ ಪ್ರಿಂಟಾಗಿ ಬಂತು. "ಒಂದು ನಿಂಗೆ. ಒಂದು ನನ್ ತಾವ ಇರ್ಲಿ. ಸ್ಕೂಟಿ ಕೀಲಿ ಇದ್ದಂಗೆ."

ಮನೆಗೆ ಬಂದ ರಂಜನಿಗೆ ಆ ಕಾಗದ ಇಡಲು ಜಾಗವೇ ಸಿಗಲಿಲ್ಲ. ಬೀರು ಸುದರ್ಶನನದೂ ಹೌದು. ಅಡುಗೆಮನೆಯ ಡಬ್ಬಗಳು ಅತ್ತೆಯವು. ಕೊನೆಗೆ ಹೊಳೆದದ್ದು ಪಂಚಾಂಗ. ಮಾವ ಪಾರ್ಥಸಾರಥಿಯವರು ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಸಂಜೆ ಮುಹೂರ್ತ ಕೇಳಲು ನಾಲ್ಕು ಜನ ಬರುತ್ತಾರೆ. ಈ ಮನೆಯಲ್ಲಿ ಪಂಚಾಂಗವನ್ನು ಕಾಲಿಗೆ ತಾಗಿಸುವವರಿಲ್ಲ, ರದ್ದಿಗೆ ಹಾಕುವವರಂತೂ ಇಲ್ಲವೇ ಇಲ್ಲ. ಇದಕ್ಕಿಂತ ಭದ್ರ ಯಾವುದು? ಅಂಕಿಗಳನ್ನು ಕೊನೆಯ ಪುಟಕ್ಕೆ ಇಳಿಸಿ, ಪ್ರಿಂಟಾದ ಕಾಗದವನ್ನು ಹಂಡೆಯೊಲೆಗೆ ಹಾಕಿದಳು.

ಆದರೂ ನೆಮ್ಮದಿ ಎಲ್ಲಿ? ಗಂಡ ಊಹಿಸಿಬಿಟ್ಟಾನೆಂದು ಪಾಸ್‌ವರ್ಡನ್ನು ತಿಂಗಳಿಗೆ ಎರಡು ಸಲ ಬದಲಿಸಿದಳು. ಅದೂ ಸಾಲದೆ, ದೀಪಿಕಳ ಬಳಿ ಇದ್ದ ಇನ್ನೊಂದು ಪ್ರತಿ ಹಲ್ಲಿನ ಸಂದಿಯ ನಾರಿನಂತೆ ಚುಚ್ಚತೊಡಗಿತು. ಡಿಸ್ಕಿಲ್ಲದೆ ಆ ಅಂಕಿ ಯಾರಿಗೂ ಉಪಯೋಗವಿಲ್ಲ ಎಂದು ಗೊತ್ತಿದ್ದೂ ಒಂದು ದಿನ ಫೋನು ಮಾಡಿಯೇಬಿಟ್ಟಳು.

"ನೀನು ಅದರಲ್ಲಿರೋದನ್ನ ಕಾಪಿ ಮಾಡ್ಕೊಂಡಿಲ್ಲ ತಾನೇ? ಆ ನಂಬರಿನ ಕಾಗದಾನೂ ಹರಿದು ಹಾಕಿಬಿಡು. ನಿನ್ನ ಅಂಗಡಿಗೆ ದಿನಾ ನೂರು ಜನ ಬರ್ತಾರೆ. ನಿಮ್ಮ ಕಡೆ ಒಂದು ಮಾತು ಹೊರಗೆ ಬಿದ್ದರೆ ಸಾಕು..."

"ನಮ್ ಕಡೆ ಅಂದ್ರೆ?"

"ಹಾಗಲ್ಲ ದೀಪೂ..."

"ಎಂಗೆ ಮತ್ತೆ? ನಿನ್ನ ಡಾಕ್ಟ್ರು ತಾವ ಕೂರಿಸ್ಕಂಡ್ ಓದೋಳು ನಾನು. ಅಲ್ಲಿರೋದ್ರಲ್ಲಿ ನಂಗೆ ಗೊತ್ತಿಲ್ದೆ ಇರೋದು ಏನೈತೆ ಕದಿಯಾಕೆ?" ಜೆರಾಕ್ಸ್ ಯಂತ್ರದ ಗುಂಡಿ ಒತ್ತಿದ ಸದ್ದು ಬಂತು. "ಅರ್ದಾಕ್ತೀನಿ ಬುಡು," ಎಂದು ದೀಪಿಕ ಫೋನಿಟ್ಟಳು.

ಸಂಕ್ರಾಂತಿ ಬಂತು, ಯುಗಾದಿ ಬಂತು. ದೀಪಿಕಳಿಂದ ಒಂದು ಮೆಸೇಜೂ ಬರಲಿಲ್ಲ. ರಂಜನಿಯೂ ಮಾಡಲಿಲ್ಲ.

ಈಗ ರಂಜನಿಗೆ ಮತ್ತೆ ಮೂರು ತಿಂಗಳು. ಮನೆಯವರಿಗೆಲ್ಲ ಸಂತೋಷ. ಅತ್ತೆ ದಿನಾ ಒಂದು ಬಗೆಯ ಗೊಜ್ಜು ಮಾಡಿ ಮುಂದಿಡುತ್ತಾರೆ. ಮೂರು ವಾರದಿಂದ ಮಾತ್ರ ಆ ಹಳೆಯದು, ಬಂದ ದಾರಿ ಮರೆಯದ ಬೆಕ್ಕಿನ ಹಾಗೆ, ಮೆತ್ತಗೆ ಮತ್ತೆ ಬಂದು ಕೂತಿದೆ. ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ. ಮೇಧಾ "ಅಮ್ಮಾ" ಎಂದರೆ ಯಾರನ್ನೋ ಕರೆದಂತೆ ಕೇಳಿಸುತ್ತದೆ. ಮಂಡ್ಯದ ಆಸ್ಪತ್ರೆಯಲ್ಲಿ, ಸುದರ್ಶನ್ ತಾನು ಕೆಲಸ ಮಾಡುವ ಕಾಲೇಜಿನಿಂದ ಫೋನು ಬಂತೆಂದು ಹೊರಗೆ ಹೋಗಿದ್ದಾಗ, ಅವಳು ಹೆರಿಗೆ ಡಾಕ್ಟರು ನಯನ ಅವರಿಗೆ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಹೇಳಿದ್ದು ಒಳ್ಳೆಯದಾಯಿತು," ಎಂದರು ಅವರು. "ಹೋದ ಸಲ ಯಾವ ಮಾತ್ರೆ ಒಗ್ಗಿತು, ಯಾವುದು ಒಗ್ಗಲಿಲ್ಲ, ಎಷ್ಟು ದಿನ? ಆ ಚೀಟಿಗಳು ಬೇಕು. ಅವಿದ್ದರೆ ನೇರ ದಾರಿ. ಇಲ್ಲದಿದ್ದರೆ ಮೊದಲಿನಿಂದ ತಡಕಾಡಬೇಕು, ಹೊಟ್ಟೆಯಲ್ಲಿ ಮಗು ಇರುವಾಗ. ಶುಕ್ರವಾರ ತನ್ನಿ. ಆದರೆ ಯಜಮಾನರನ್ನೂ ಒಳಗೆ ಕರೆದುಕೊಂಡು ಬನ್ನಿ."

ಮೈಸೂರಿನ ಡಾಕ್ಟರು ಕ್ಲಿನಿಕ್ ಮುಚ್ಚಿ ಮಗಳಿರುವ ದೇಶಕ್ಕೆ ಹೋಗಿ ವರ್ಷವಾಗಿತ್ತು. ಅಮ್ಮನನ್ನು ಕೇಳಿದರೆ, "ಒಂದು ಬಿಳೀದು, ಒಂದು ಗುಲಾಬೀದು ಕಣೇ. ಗುಲಾಬೀದು ಅರ್ಧ," ಎಂದರು. ರಂಜನಿ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನೆನಪಿಗೆ ಬಂದ ಪಾಸ್‌ವರ್ಡನ್ನೆಲ್ಲ ಹೊಡೆದಳು. ಮಗಳ ಹುಟ್ಟಿದ ದಿನ, ನಕ್ಷತ್ರ, ಸ್ಕೂಟಿಯ ನಂಬರು, ಅವನ್ನೇ ಹಿಂದುಮುಂದು ಮಾಡಿ. ಅರವತ್ತು ಸಲ. ಅರವತ್ತು ಸಲವೂ ಪಾಸ್‌ವರ್ಡ್ ಸರಿಯಿಲ್ಲ ಎಂಬ ಒಂದೇ ಸಾಲು. ಆಗ ದೇವರ ಮನೆಗೆ ಓಡಿದವಳಿಗೆ ಕಂಡದ್ದು ಹೊಸ ಪಂಚಾಂಗ. ರಟ್ಟು ಅದೇ ಹಳದಿಯಾದ್ದರಿಂದ ಇಷ್ಟು ದಿನ ಗಮನಕ್ಕೇ ಬಂದಿರಲಿಲ್ಲ.

ಎರಡು ದಿನ ತಾನೇ ಹುಡುಕಿ, ಬುಧವಾರ ಊಟವಾದ ಮೇಲೆ ಧೈರ್ಯ ಮಾಡಿ ಮಾವನನ್ನೇ ಕೇಳಿದಳು.

"ಹಳೇದಾ? ಯುಗಾದಿ ಕಳೆದ ಮೇಲೆ ನಮ್ಮನೇಲಿ ಹಳೇ ಪಂಚಾಂಗ ಇಟ್ಟುಕೊಳ್ಳೋದಿಲ್ಲಮ್ಮ," ಎಂದರು ಪಾರ್ಥಸಾರಥಿಯವರು. "ರದ್ದಿಗೆ ಹಾಕೋ ಹಾಗಿಲ್ಲ, ಒಲೆಗೂ ಹಾಕೋ ಹಾಗಿಲ್ಲ. ಪ್ರತಿ ವರ್ಷ ವೈದ್ಯನಾಥಪುರಕ್ಕೆ ತಗೊಂಡು ಹೋಗಿ ಹೊಳೆಗೆ ಬಿಡೋದು."

ರಂಜನಿಯ ತವರಿನಲ್ಲಿ ಗೋಡೆ ಕ್ಯಾಲೆಂಡರಷ್ಟೇ ಇತ್ತು. ವರ್ಷ ಮುಗಿದರೆ ಅದರ ಹಾಳೆ ಪುಸ್ತಕದ ರಟ್ಟಾಗುತ್ತಿತ್ತು. ಪೂಜ್ಯವಾದದ್ದು ಮನೆಯಲ್ಲೇ ಉಳಿಯುತ್ತದೆ ಎಂದು ಅವಳು ತಿಳಿದಿದ್ದಳು. ಪೂಜ್ಯವಾದದ್ದನ್ನೇ ಹೊಳೆಗೆ ಬಿಡುವುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಹೊಳೆಗೇ ಬಿಟ್ಟಿರಾ ಮಾವ?"

"ಹೊಳೇಲಿ ನೀರಿದ್ದರೆ ತಾನೇ ಬಿಡೋದು? ಮೊಳಕಾಲುದ್ದ ಕೊಚ್ಚೆ. ಅರಳಿಕಟ್ಟೆ ಮೇಲಿಟ್ಟು ಕೈ ಮುಗಿದು ಬಂದೆ. ಯಾಕಮ್ಮ? ಕೊನೇ ಪುಟದಲ್ಲಿ ಯಾರೋ ಅಷ್ಟುದ್ದ ನಂಬರು ಬರೆದಿದ್ದರು. ಸುದರ್ಶನ ಲಾಟರಿ ಹುಚ್ಚಿಗೆ ಬಿದ್ದನೇನೋ ಅಂದುಕೊಂಡೆ."

"ನಿಮ್ಮ ಮಗನಿಗೆ ಲಾಟರಿ ಹೊಡೆದಿದ್ದರೆ ನಾನು ಈ ಸೆಕೆಯಲ್ಲಿ ಸಾಸಿವೆ ಸಿಡಿಸ್ತಾ ನಿಂತಿರ್ತಿದ್ದೆನಾ?" ಎಂದರು ಒಳಗಿನಿಂದ ಅತ್ತೆ.

ಎಲ್ಲರೂ ನಕ್ಕರು. ರಂಜನಿಯೂ ನಕ್ಕಳು. ಹೇಳಬಹುದಾಗಿದ್ದ ಒಂದು ಗಳಿಗೆ ಅದು, ನಗುವಿನಲ್ಲೇ ಜಾರಿಹೋಯಿತು. ಭಾರತೀನಗರದ ಕಾಲೇಜಿನಿಂದ ಸಂಜೆ ಬಂದ ಸುದರ್ಶನ್, "ಯಾಕೆ ಸಪ್ಪಗಿದೀಯ?" ಎಂದಾಗಲೂ, "ಏನಿಲ್ಲ, ವಾಕರಿಕೆ," ಎಂದಳು. ಹೊಟ್ಟೆಯಲ್ಲಿ ಕೂಸಿದ್ದಾಗ ಯಾವ ಸುಳ್ಳಿಗೂ ವಾಕರಿಕೆ ಸಾಕಾಗುತ್ತದೆ.

ಗುರುವಾರ ಬೆಳಿಗ್ಗೆ ವೈದ್ಯನಾಥೇಶ್ವರನ ದರ್ಶನಕ್ಕೆ ಹೋಗಿಬರುತ್ತೇನೆ ಎಂದಳು. ಅತ್ತೆ ತಾವೇ ಹಣ್ಣುಕಾಯಿ ಕೈಗಿಟ್ಟರು. ಮೇಧಾಳನ್ನು ಎತ್ತಿಕೊಂಡು ಆಟೋ ಹತ್ತಿದ ರಂಜನಿ, ಗುಡಿಗೂ ಮುಂಚೆ ಹೋದದ್ದು ಅರಳಿಕಟ್ಟೆಗೆ.

ಅಲ್ಲಿ ಮನೆಮನೆಗಳಲ್ಲಿ ಕೆಲಸ ಮುಗಿದ ದೇವರುಗಳೆಲ್ಲ ಕೂತಿದ್ದರು. ಗಾಜೊಡೆದ ಲಕ್ಷ್ಮಿ, ಗೆದ್ದಲು ಹಿಡಿದ ವೆಂಕಟರಮಣ, ಬಣ್ಣ ಹೋದ ಗಣಪ. ಅವುಗಳ ಸಂದಿಯಲ್ಲಿ ಮಳೆಗೆ ನೆಂದು ಬಿಸಿಲಿಗೆ ಉಬ್ಬಿದ ಪಂಚಾಂಗಗಳು. "ಮುಟ್ಟಬೇಡ ಪುಟ್ಟಿ, ಗಾಜು!" ಎಂದು ಮಗಳನ್ನು ದೂರ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದನ್ನೇ ಎತ್ತಿ ಕೊನೆಯ ಪುಟ ನೋಡತೊಡಗಿದಳು. ಒಂದರಲ್ಲಿ ಹಾಲಿನ ಲೆಕ್ಕ. ಒಂದರಲ್ಲಿ ಯಾರದೋ ಜಾತಕ. ಒಂದರಲ್ಲಿ ಏನೂ ಇಲ್ಲ.

ಪಕ್ಕದಲ್ಲಿ ಹೂವು ಮಾರುತ್ತ ಕೂತಿದ್ದ ನಾಗಯ್ಯನೆಂಬ ಮುದುಕ ಎಷ್ಟೋ ಹೊತ್ತು ನೋಡಿದ. "ಏನವ್ವ ಉಡುಕ್ತಿದ್ದೀರಿ?"

"ಒಂದು ಪಂಚಾಂಗ. ಹಳದಿ ರಟ್ಟಿನದು."

"ಸರೋಯ್ತು! ಎಲ್ರೂ ಬ್ಯಾಡಾಂತ ತಂದ್ ಬುಡ್ತಾರೆ, ನೀವು ಬೇಕೂಂತ ಬಂದಿದ್ದೀರಿ. ಯಾವಾಗ ಮಡುಗಿದ್ದು?"

"ಯುಗಾದಿ ಆದ ಮೇಲೆ."

"ಯುಗಾದೀದಾ? ಅಯ್ಯೋ ನನ್ನವ್ವ, ಅದಾದ್ಮೇಲೆ ಎರಡ್ ಸಲ ಟ್ಯಾಕ್ಟ್ರು ತಂದು ಎಲ್ಲಾನೂ ತುಂಬ್ಕಂಡ್ ಓದ್ರು ಕಣವ್ವ. ಇವೆಲ್ಲ ಈಗಿನವು. ದೇವ್ರುಗೂ ಇಲ್ಲಿ ಬಾಳ ದಿನ ಜಾಗ ಇಲ್ಲ."

ರಂಜನಿಗೆ ಕೇಳಿಸಿತು. ಆದರೂ ಕೈ ನಿಲ್ಲಲಿಲ್ಲ. ಇನ್ನೊಂದು, ಇನ್ನೊಂದು. ನಾಗಯ್ಯ ಮತ್ತೆ ಏನೋ ಹೇಳುತ್ತಿದ್ದ. ಮೂರನೇ ಸಲ ಹೇಳಿದಾಗ ಅವಳಿಗೆ ಅರ್ಥವಾಯಿತು.

"ಅವ್ವಾ, ಕೂಸು ಅಳ್ತಾ ಅದೆ. ಆಗ್ಲಿಂದ ಅಳ್ತಾ ಅದೆ."

ತಿರುಗಿ ನೋಡಿದರೆ ಮೇಧಾಳ ಬೆರಳಿನಲ್ಲಿ ರಕ್ತ. ಗಾಜು ತಗುಲಿ ಸಣ್ಣಗೆ ಕೊಯ್ದಿತ್ತು. ಮುಖವೆಲ್ಲ ಕಣ್ಣೀರು, ಸಿಂಬಳ. ರಂಜನಿ ಆ ಅಳುವನ್ನು ಕೇಳಿದ್ದಳು. ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ, ಅದು ತನಗಲ್ಲ ಎಂಬ ಹಾಗೆ, ಅಷ್ಟು ಹೊತ್ತೂ ಕೇಳುತ್ತಲೇ ಇದ್ದಳು.

ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಫೋನು ತೆಗೆದು, ಎಂಟು ತಿಂಗಳಿಂದ ಮುಟ್ಟದ ಹೆಸರನ್ನು ಒತ್ತಿದಳು. ಐದನೇ ರಿಂಗಿಗೆ ದೀಪಿಕ ಎತ್ತಿದಳು.

"ಯೋಳಿ." ಪರಿಚಯವಿಲ್ಲದ ಗಿರಾಕಿಗೆ ಹೇಳುವ ಧಾಟಿ.

"ದೀಪೂ, ನಾನು."

"ಗೊತ್ತು. ನಿನ್ ನಂಬ್ರು ಅಳ್ಸಿಲ್ಲ. ಅದೊಂದ್ ಅಳ್ಸು ಅಂತ ನೀನು ಯೋಳಿರ್ನಿಲ್ವಲ್ಲ."

"ನಂಗೆ ಆ ಡಿಸ್ಕಿನ ನಂಬರ್ ಬೇಕು ಕಣೇ. ನಲವತ್ತೆಂಟು ಅಂಕಿದು."

"ಅರ್ದಾಕು ಅಂದ್ಯಲ್ಲ, ಅದಾ? ನಿನ್ ತಾವ ಇತ್ತಲ್ಲ, ಎಲ್ ಮಡುಗಿದ್ದೆ?"

"ಪಂಚಾಂಗದಲ್ಲಿ ಬರೆದಿದ್ದೆ. ಮಾವ ಹೊಳೆಗೆ ಬಿಟ್ಟುಬಿಟ್ಟರು."

ಆ ಕಡೆ ಕೆಮ್ಮಿದಂತೆ ಕೇಳಿಸಿತು. ಕೆಮ್ಮಲ್ಲ, ನಗು. "ಪಂಚಾಂಗದಲ್ಲಾ! ನಿನ್ ಬುದ್ದಿಗೆ ಬೆಂಕಿ ಆಕ..."

"ಮತ್ತೆ ಬಂದಿದೆ ದೀಪೂ," ಎಂದಳು ರಂಜನಿ. "ಹೋದ ಸಲದ ಹಾಗೇ. ಈಗ ಮೂರು ತಿಂಗಳು ನಂಗೆ. ನಾಳೆ ಡಾಕ್ಟ್ರಿಗೆ ಹಳೇ ಚೀಟಿ ತೋರಿಸ್ಬೇಕು. ಮೇಧಾ ಇಲ್ಲೇ ಪಕ್ಕದಲ್ಲಿ ಅಳ್ತಿದ್ದಳು, ನಂಗೆ... ನಾನವತ್ತು ನಿಂಗೆ ಹಾಗೆ ಅನ್ನಬಾರದಿತ್ತು."

ನಗು ನಿಂತಿತು. "ಅದ್ಕೆ ಆಮೇಲೆ ಬೈಸ್ಕಳೀವಂತೆ. ಎಷ್ಟ್ ದಿನದಿಂದ?"

"ಮೂರು ವಾರ."

"ಸುದರ್ಶನ್‌ಗೆ ಯೋಳಿದ್ಯಾ?"

"ಇಲ್ಲ."

"ಇವತ್ ಯೋಳ್ತೀಯ. ನೀನು ಯೋಳ್ದೆ ಓದ್ರೆ ಸಂಜೆ ಬಸ್ಸಿಗೆ ನಾನೇ ಬತ್ತೀನಿ." ಬೀಗದ ಸದ್ದು, ಡ್ರಾಯರು ಎಳೆದ ಸದ್ದು. "ಅರ್ದಾಕವಾ ಅಂತ ಎರಡ್ ಸಲ ಕೈಗ್ ತಗಂಡಿದ್ದೆ ಕಣಮ್ಮಿ. ಅಷ್ಟ್ ಸಿಟ್ ಬಂದಿತ್ತು. ಸ್ಕೂಟಿ ಕೀಲಿ ಗ್ಯಾಪಕ ಬಂತು, ಮತ್ತೆ ಒಳಿಕ್ಕೇ ಮಡುಗ್ದೆ. ಪೋಟೋ ಒಡ್ದು ಕಳುಸ್ಲಾ?"

"ಬೇಡ ಬೇಡ, ಫೋನಲ್ಲಿ ಬೇಡ. ಅತ್ತೆ ಫೋಟೋ ನೋಡ್ತಿರ್ತಾರೆ..."

"ಇನ್ನೂ ಬುಡ್ನಿಲ್ವಲ್ಲೇ ಆ ಬುದ್ದಿಯ! ಸರಿ, ಬರ್ಕೋ."

ನಾಗಯ್ಯ ಜೇಬಿನಿಂದ ಪೆನ್ನು ತೆಗೆದು ಚಾಚಿದ. ರಂಜನಿ ಕೈಗೆ ಸಿಕ್ಕ ಪಂಚಾಂಗವೊಂದನ್ನು ಎಳೆದುಕೊಂಡು, ಖಾಲಿಯಿದ್ದ ಕೊನೆಯ ಪುಟ ತೆರೆದಳು. ದೀಪಿಕ ಆರಾರು ಅಂಕಿಯ ಗುಂಪು ಮಾಡಿ ಹೇಳುತ್ತ ಹೋದಳು. ನಡುವೆ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು.

"ಕೇಳಿಸ್ಲಿಲ್ಲ, ಇನ್ನೊಂದು ಸಲ ಹೇಳೇ!"

"ಎಲ್ಲಾ ಆಯ್ತಾ? ಈಗ ನೀನು ಓದು. ಜೋರಾಗಿ ಓದಮ್ಮಿ, ಅಂಗ್ಡೀಲಿ ಜನ ಅವ್ರೆ, ಏನೂ ಕೇಳಕಿಲ್ಲ."

ರಂಜನಿ ಮೊದಲನೇ ಅಂಕಿಯ ಮೇಲೆ ಬೆರಳಿಟ್ಟಳು. ಕಟ್ಟೆಯ ಕೆಳಗೆ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ನಾಗಯ್ಯ ಹೂವು ಕಟ್ಟುವುದನ್ನು ನಿಲ್ಲಿಸಿದ್ದ.

"ಎರಡು," ಎಂದು ಕೂಗಿದಳು ರಂಜನಿ. "ಏಳು. ಒಂದು. ಒಂದು..."

"ಒಂದು," ಎಂದಳು ತೊಡೆಯ ಮೇಲಿದ್ದ ಮೇಧಾ, ಬಿಕ್ಕಳಿಕೆಯ ನಡುವೆ.